ಹತ್ತು ಎಣಿಸುವವರೆಗೆ

ನೂರ ಮೂವತ್ತೇಳನೆಯ ಪುಟದ ತಪ್ಪು ಅಲ್ಲೇ ಇತ್ತು. ಇರದೆ ಎಲ್ಲಿಗೆ ಹೋಗುತ್ತದೆ. ಅಚ್ಚಾಗಿ, ಹೊಲಿಗೆ ಬಿದ್ದು, ಹನ್ನೆರಡು ಸಾವಿರ ಪ್ರತಿ ಊರಿಗೆಲ್ಲ ಹಂಚಿಹೋದ ಮೇಲೆ ಯಾವ ತಪ್ಪೂ ತಾನಾಗಿ ಸರಿಹೋಗುವುದಿಲ್ಲ ಎಂಬುದು ಮೂವತ್ತು ವರ್ಷ ಪ್ರೂಫ್ ತಿದ್ದಿದವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಬಸ್ಸು ಹತ್ತಿದ ಮೇಲೆ ಅವನು ಆ ಪುಟ ತೆಗೆದದ್ದು ಇದು ಮೂರನೆಯ ಸಲ. ಪಕ್ಕದ ಸೀಟಿನಲ್ಲಿ ಹೆಂಡತಿ ಅದೇ ಕೈಪಿಡಿಯ ಇನ್ನೊಂದು ಪ್ರತಿ ಹಿಡಿದು ಪೆನ್ಸಿಲಿನಿಂದ ಗೆರೆ ಎಳೆಯುತ್ತ ದಿನವನ್ನು ಹೊಂದಿಸುತ್ತಿದ್ದಳು: ಹನ್ನೊಂದಕ್ಕೆ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಗೊಂಬೆಯಾಟ, ಹನ್ನೆರಡೂವರೆಗೆ ಹಳೆಯ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ನೃತ್ಯ, ನಡುವೆ ಎಲ್ಲಾದರೂ ಊಟ, ಮೂರೂವರೆಗೆ ಈಜುಕೊಳ. ಈಜುಕೊಳದ ಸುತ್ತ ಮಾತ್ರ ಎರಡು ಸಲ ಸುತ್ತು ಹಾಕಿದ್ದಳು. "ಬೇರೆ ಯಾವುದು ತಪ್ಪಿದ್ರೂ ಇದೊಂದು ತಪ್ಪಬಾರದು ರೀ," ಎಂದಳು. "ನಮ್ಮ ಕಡ್ಡಿ ಅಲ್ವಾ." ಅವನು ಹೂಂ ಎಂದು ಕಿಟಕಿಯ ಕಡೆ ತಿರುಗಿದ.

ವರ್ಷಕ್ಕೊಮ್ಮೆ, ಸೆಕೆ ಇಳಿದ ಮೇಲೆ, ಹತ್ತು ದಿನ ಈ ಊರು ಹೀಗಾಗುತ್ತದೆ. ಎಂಬತ್ತು ಜಾಗ, ಇನ್ನೂರ ಹನ್ನೆರಡು ಪ್ರದರ್ಶನ. ನಾಟಕ ಮಂದಿರಗಳು ಸಾಲದೆ ಶಾಲೆಯ ಅಂಗಳ, ಮುಚ್ಚಿದ ಗೋದಾಮು, ಬಸ್ ಡಿಪೊ, ಕೊನೆಗೆ ಬಟ್ಟೆ ಒಗೆಯುವ ಯಂತ್ರಗಳ ಅಂಗಡಿಯಲ್ಲೂ ಯಾರೋ ಹಾಡುತ್ತಿರುತ್ತಾರೆ, ಯಾರೋ ಮಂಡಿಯೂರಿ ಅಳುತ್ತಿರುತ್ತಾರೆ. ಉತ್ಸವದ ಕೈಪಿಡಿ ಅಚ್ಚಾಗುವುದು ಅವನ ಪ್ರೆಸ್ಸಿನಲ್ಲೇ. ಹಾಗಾಗಿ ಇಪ್ಪತ್ತು ವರ್ಷಗಳಿಂದ ಈ ಉತ್ಸವವನ್ನು ಅವನಷ್ಟು ಪೂರ್ತಿಯಾಗಿ ಓದಿದವರು ಊರಿನಲ್ಲಿ ಇನ್ನೊಬ್ಬರಿಲ್ಲ. ಅವನಷ್ಟು ಕಡಿಮೆ ನೋಡಿದವರೂ ಇರಲಾರರು. ಹೆಂಡತಿ ಪ್ರತಿ ವರ್ಷ ಕರೆಯುತ್ತಾಳೆ, ಪ್ರತಿ ವರ್ಷ ಅವನಿಗೆ ಕಣ್ಣುನೋವೋ ಸೊಂಟನೋವೋ ಬರುತ್ತದೆ. ಈ ವರ್ಷ ಆ ಪುಟ ಮೇಜಿಗೆ ಬಂದಾಗ ಮೊದಲು ಚಿತ್ರ ಕಂಡಿತು, ಗುರುತು ಸಿಗಲಿಲ್ಲ. ದುಂಡು ಮುಖದ, ಬಿಳಿಗೂದಲಿನ ಹೆಂಗಸು. ಕೆಳಗಿನ ನಾಲ್ಕು ಸಾಲು ಓದಿದಾಗ ಕುರ್ಚಿಯನ್ನು ಯಾರೋ ಹಿಂದಕ್ಕೆ ಎಳೆದ ಹಾಗಾಯಿತು. "ಯೌವನದಲ್ಲೊಮ್ಮೆ, ನ್ಯಾಯಾಲಯದ ದೃಶ್ಯವೊಂದರಲ್ಲಿ ಮಾತು ಮರೆತು ನಿಂತ ಗಳಿಗೆಯಲ್ಲಿ ಆಕಸ್ಮಿಕವಾಗಿ ಒದಗಿದ ಮೌನವೇ ತಮ್ಮ ಮುಂದಿನ ಎಲ್ಲ ಅಭಿನಯಕ್ಕೂ ಮೂಲವೆಂದು ಈ ಕಲಾವಿದೆ ನಂಬುತ್ತಾರೆ." ಮರೆತು ನಿಂತ ಎಂಬುದು ಸುಳ್ಳು. ಅವಳು ಮರೆತಿರಲಿಲ್ಲ. ಇದು ಗೊತ್ತಿರುವವರು ಲೋಕದಲ್ಲಿ ಇಬ್ಬರು ಎಂದೇ ಮೂವತ್ತೊಂದು ವರ್ಷ ಅವನು ತಿಳಿದಿದ್ದ, ಆ ಇನ್ನೊಬ್ಬಳಿಗೆ ಎದುರಾಗದ ಹಾಗೆ ಬದುಕಿದ್ದ. ಈಗ ನೋಡಿದರೆ ಒಬ್ಬನೇ. ಮಾರ್ಜಿನ್ನಿನಲ್ಲಿ ಹಾಕಲು ಎಷ್ಟೊಂದು ಗುರುತುಗಳಿವೆ, ತೆಗೆಯಲು, ಸೇರಿಸಲು, ಹಿಂದುಮುಂದು ಮಾಡಲು. ಇದಕ್ಕೊಂದು ಗುರುತಿಲ್ಲ. ಆ ಪ್ಯಾರಾದಲ್ಲಿ ಎರಡು ಸಲ ಬಿದ್ದಿದ್ದ 'ಈ' ಒಂದನ್ನು ಹೊಡೆದು, ವೇಳೆ ಮೂರೂವರೆಯೇ ಹೌದೇ ಎಂದು ಫೋನಿನಲ್ಲಿ ವಿಚಾರಿಸಿ, ಸಹಿ ಹಾಕಿ ಕಳಿಸಿಬಿಟ್ಟ. ಮನೆಗೆ ಬಂದು ಹೆಂಡತಿಗೆ, ಈ ಸಲ ಹೋಗೋಣ ಎಂದ. ಅವಳು ಅವನ ಹಣೆ ಮುಟ್ಟಿ ಜ್ವರ ಬಂದಿದೆಯೇ ಎಂದು ನೋಡಿದಳು.

ಗ್ರಂಥಾಲಯದ ಬಾಗಿಲಲ್ಲಿ ಹಳದಿ ಅಂಗಿಯ ಸ್ವಯಂಸೇವಕಿ ಅವನ ಮಣಿಕಟ್ಟಿಗೆ ಕಾಗದದ ಪಟ್ಟಿ ಸುತ್ತಿ ಅಂಟಿಸಿದಳು. ಬಿಗಿಯಾಯಿತು. "ಸ್ವಲ್ಪ ಸಡಿಲ ಮಾಡಮ್ಮ," ಎಂದ. "ಒಂದ್ಸಲ ಅಂಟಿಸಿದ್ರೆ ಮುಗೀತು ಅಂಕಲ್. ಹರಿದ್ರೆ ಒಳಗೆ ಬಿಡಲ್ಲ," ಎಂದು ಅವಳು ಮುಂದಿನವರ ಕೈ ಹಿಡಿದಳು. ಇಡೀ ದಿನ ಆ ಪಟ್ಟಿ ಅವನ ಕೈಯ ಕೂದಲು ಜಗ್ಗುತ್ತಿತ್ತು. ನೆಲಮಾಳಿಗೆಯಲ್ಲಿ, ಹಳೆಯ ಪತ್ರಿಕೆಗಳ ಕಟ್ಟುಗಳ ನಡುವೆ, ಕಪ್ಪು ಬಟ್ಟೆ ತೊಟ್ಟ ಮೂವರು ಒಂದು ಮುದುಕ ಗೊಂಬೆಯನ್ನು ಮಂಚದಿಂದ ಇಳಿಸಿ, ಚಪ್ಪಲಿ ಮೆಟ್ಟಿಸಿ, ಕಿಟಕಿಯ ತನಕ ನಡೆಸಿಕೊಂಡು ಹೋದರು. ಇಷ್ಟಕ್ಕೇ ಇಪ್ಪತ್ತೈದು ನಿಮಿಷ. ಜನ ಉಸಿರು ಬಿಗಿಹಿಡಿದು ನೋಡಿದರು, ಹೆಂಡತಿ ಕಣ್ಣೊರೆಸಿಕೊಂಡಳು. ಅವನು ಗೊಂಬೆಯನ್ನು ನೋಡಲೇ ಇಲ್ಲ. ಕಪ್ಪು ಮುಸುಕಿನ ಹಿಂದೆ ಗೊಂಬೆಯ ತಲೆ ಹಿಡಿದಿದ್ದವನ ತುಟಿ ಅಲುಗುವುದು ಕಾಣುತ್ತಿತ್ತು. ಎಡ, ಬಲ, ನಿಲ್ಲು, ಎಂದು ಮಿಕ್ಕಿಬ್ಬರಿಗೆ ಹೇಳಿಕೊಡುತ್ತಿದ್ದ. ಇವನ ಕಣ್ಣು ಯಾವಾಗಲೂ ಅಂಥ ಕಡೆಗೇ ಹೋಗುತ್ತದೆ. ಒಂದು ಕಾಲಕ್ಕೆ ಅದು ಇವನ ಕೆಲಸವಾಗಿತ್ತು. ಹಗಲು ಪ್ರೆಸ್ಸು, ಸಂಜೆ ಮೇಷ್ಟ್ರ ನಾಟಕ ತಂಡ. ತಂಡದಲ್ಲಿ ಅವನು ಪ್ರಾಂಪ್ಟರ್. ಎಡಗಡೆಯ ಪರದೆಯ ಮರೆಯಲ್ಲಿ, ಮೂರು ಕಾಲಿನ ಸ್ಟೂಲಿನ ಮೇಲೆ ಪುಸ್ತಕ ಹಿಡಿದು ಕೂತು, ನಟರು ಮರೆತ ಮಾತನ್ನು ಅವರಿಗಷ್ಟೇ ಕೇಳುವ ಹಾಗೆ ಎತ್ತಿಕೊಡುವವನು. ಎಲ್ಲರೂ ಅವನನ್ನು ಪಿಸಣ್ಣ ಎನ್ನುತ್ತಿದ್ದರು. ಸಿಕ್ಕಾಪಟ್ಟೆ ತೆಳ್ಳಗಿದ್ದ ಆ ಹುಡುಗಿಗೆ ಕಡ್ಡಿ ಎಂದು ಹೆಸರಿಟ್ಟ ಹಾಗೆಯೇ.

ಎಲ್ಲರಿಗೂ ಓದಲು ಬರುತ್ತದೆ, ಪ್ರಾಂಪ್ಟ್ ಮಾಡಲು ಬರುವುದಿಲ್ಲ. ಪುಸ್ತಕ ಇರುವುದು ಹೆಸರಿಗೆ, ನೋಡಬೇಕಾದ್ದು ಮನುಷ್ಯರನ್ನು. ಬೇಕೆಂದೇ ಸುಮ್ಮನೆ ನಿಂತವರ ಮೈ ತುಂಬಿರುತ್ತದೆ, ಮರೆತು ನಿಂತವರ ಮೈ ಖಾಲಿಯಾಗಿರುತ್ತದೆ. ಅಜ್ಜನ ಪಾತ್ರದವರು ಮರೆತರೆ ಕೆಮ್ಮುತ್ತಿದ್ದರು. ಇನ್ನೊಬ್ಬ ಬೆವರೊರೆಸಿಕೊಳ್ಳುತ್ತಿದ್ದ. ಕಡ್ಡಿ ಮರೆಯುತ್ತಿದ್ದುದೇ ಅಪರೂಪ. ಮರೆತರೆ ಬಲಗೈಯ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಿದ್ದಳು, ಹಿಟ್ಟು ನುಣ್ಣಗಾಯಿತೇ ಎಂದು ನೋಡುವವರ ಹಾಗೆ. ಇದು ಅವಳಿಗೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು. ಅಂದರೆ, ನ್ಯಾಯಾಲಯದ ದೃಶ್ಯದ ಆ ಸಂಜೆ ಅವಳ ಬೆರಳು ಅಲುಗದೆ ಇದ್ದದ್ದನ್ನು ಅವನು ನೋಡಿದ್ದ. ನೋಡಿಯೂ ಮಾತು ಎತ್ತಿಕೊಟ್ಟ. ಇದನ್ನು ಅವನು ಎಷ್ಟು ಸಲ ತಿರುವಿಹಾಕಿದರೂ ಬೇರೆ ಅರ್ಥ ಹೊರಡಿಸಲು ಆಗಿಲ್ಲ.

ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಹನ್ನೆರಡು ಜನ ಬಿದ್ದು ಎದ್ದು ಬಿದ್ದು ಎದ್ದು ಕುಣಿಯುತ್ತಿದ್ದರು. ಮೇಷ್ಟ್ರ ತಂಡ ಆಡುತ್ತಿದ್ದ ಕಡೆಯೂ ಬಣ್ಣದ ಕೋಣೆಯಿಂದ ರಂಗಕ್ಕೆ ಇಳಿಯಲು ಮೆಟ್ಟಿಲುಗಳಿದ್ದವು, ಐದು. ಆ ಸಂಜೆ ಎರಡನೆಯ ಅಂಕಕ್ಕೆ ಮೊದಲು ಮೂರನೆಯ ಮೆಟ್ಟಿಲ ಮೇಲೆ ಕೂತು ಕಡ್ಡಿ ಬಿಟ್ಟುಹೋಗಿದ್ದ ತೋಳಿನ ಹೊಲಿಗೆ ಹಾಕಿಕೊಳ್ಳುತ್ತಿದ್ದಳು. ದಾರ ಹಲ್ಲಿನಲ್ಲಿ ಕಡಿದು, "ಪಿಸಣ್ಣ, ಇವತ್ತೊಂದು ಕೆಲಸ ಮಾಡು," ಎಂದಳು. ನ್ಯಾಯಾಲಯದ ದೃಶ್ಯ; ಕಟಕಟೆಯಲ್ಲಿರುವ ಕೊಲೆಗಾರನನ್ನು ತೋರಿಸಿ ನ್ಯಾಯಾಧೀಶ, ಈತ ನಿನಗೆ ಗೊತ್ತೇ ಎಂದು ಕೇಳುತ್ತಾನೆ. ಅವಳು, ಗೊತ್ತು, ಈತ ನನ್ನ ಅಣ್ಣ, ಎನ್ನಬೇಕು. ಪುಸ್ತಕದಲ್ಲಿ ಪ್ರಶ್ನೆಯ ಬೆನ್ನಿಗೇ ಉತ್ತರವಿತ್ತು, ಮೇಷ್ಟ್ರೂ ಹಾಗೇ ಹೇಳಿಸುತ್ತಿದ್ದರು. "ಅಷ್ಟು ಬೇಗ ಯಾರಾದ್ರೂ ಒಪ್ಕೋತಾರಾ ಹೇಳು. ನಾನಿವತ್ತು ಸುಮ್ನೆ ನಿಲ್ತೀನಿ. ನೀನು ಹತ್ತು ಎಣಿಸು. ಹತ್ತರವರೆಗೆ ಬಾಯಿ ಬಿಡಬೇಡ. ಆಮೇಲೆ ನನಗೆ ಬಿಡು." ಮೇಷ್ಟ್ರಿಗೆ ಹೇಳಿದೆಯಾ ಎಂದು ಅವನು ಕೇಳಿದ. "ಹೇಳಿದ್ರೆ ಬೇಡ ಅಂತಾರೆ. ಮಾಡಿದ ಮೇಲೆ ಏನೂ ಅನ್ನಲ್ಲ," ಎಂದು ನಕ್ಕು ಎದ್ದಳು. ಅವಳು ತನಗೊಬ್ಬನಿಗೇ ಹೇಳಿದ್ದು ಅವನಿಗೆ ಹಿತವಾಗಿತ್ತು, ಅದನ್ನೂ ಅವನು ಮರೆತಿಲ್ಲ. ಮೆಟ್ಟಿಲ ಮೇಲೆ ಹನ್ನೆರಡು ಜನರೂ ಒಟ್ಟಿಗೆ ಬಿದ್ದು ಏಳದೆ ಮಲಗಿದರು. ಜನ ಚಪ್ಪಾಳೆ ತಟ್ಟಿದಾಗ ನೃತ್ಯ ಮುಗಿಯಿತೆಂದು ತಿಳಿಯಿತು.

ಒಂದು, ಎರಡು, ಮೂರು. ಅವತ್ತು ಪರದೆಯ ಸಂದಿಯಲ್ಲಿ ಅವಳ ಬೆನ್ನು, ಬಲಗೈ, ಅರ್ಧ ಮುಖ ಕಾಣುತ್ತಿತ್ತು. ಸಭಾಂಗಣದಲ್ಲಿ ಯಾರೋ ಕೆಮ್ಮಿದರು. ಹಿಂದಿನ ವಾರ ಅಜ್ಜನ ಪಾತ್ರದವರು ಸಿಕ್ಕಿಹಾಕಿಕೊಂಡಾಗ ಇವನಿಗೆ ಪುಟ ತಪ್ಪಿತ್ತು. ಮೇಷ್ಟ್ರು ಎಲ್ಲರ ಮುಂದೆ, ಕಂಬಕ್ಕೆ ಪುಸ್ತಕ ಕಟ್ಟಿ ನಿಲ್ಲಿಸಿದ್ರೂ ಇಷ್ಟು ಕೆಲಸ ಮಾಡ್ತಿತ್ತು ಎಂದಿದ್ದರು. ಎಲ್ಲರೂ ನಕ್ಕಿದ್ದರು, ಕಡ್ಡಿಯೂ ನಕ್ಕಿದ್ದಳು. ಆ ನಗು ಆ ಗಳಿಗೆಯಲ್ಲಿ ನೆನಪಾಯಿತೇ? ಪಕ್ಕದಲ್ಲಿ ಇನ್ನೊಬ್ಬ ಹುಡುಗಿ ನಿಂತಿದ್ದಳು, ಹೆಂಗಸರ ಪಾತ್ರಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದವಳು, ಆಮೇಲೆ ಅವನ ಹೆಂಡತಿಯಾದವಳು. ಅವಳು ಅವನ ಮೊಣಕೈ ಮುಟ್ಟಿ "ಮರೆತಿದ್ದಾಳೆ," ಎಂದಳು. ಅದಕ್ಕೇ ಕೊಟ್ಟನೇ? ಹೆದರಿಕೆಯ ಮೇಲೆ ಹಾಕಬಹುದು, ಮೊಣಕೈಯ ಮೇಲೆ ಹಾಕಬಹುದು, ಆದರೆ ನಾಲ್ಕು ಎಂದು ಎಣಿಸಿದ ಕೂಡಲೇ ಬಾಯಿ ತೆರೆದದ್ದು ಅವನೇ. ಪಿಸುದನಿ ಕೂಡ ಅಲ್ಲ. ಗಾಬರಿಯಲ್ಲಿ ದನಿ ಎದ್ದುಬಿಟ್ಟಿತು. ಪರದೆಯ ಹಿಂದಿನಿಂದ ಗಂಡಸಿನ ಗಂಟಲೊಂದು, "ಗೊತ್ತು, ಈತ ನನ್ನ ಅಣ್ಣ," ಎಂದದ್ದು ಐದನೆಯ ಸಾಲಿನವರೆಗೆ ಕೇಳಿತು. ನಗು ಮುಂದಿನಿಂದ ಹಿಂದಕ್ಕೆ ಹೋಯಿತು. ಕಟಕಟೆಯಲ್ಲಿದ್ದ ಕೊಲೆಗಾರನೂ ನಕ್ಕ. ನಾಟಕ ಮುಗಿದ ಮೇಲೆ ಮೇಷ್ಟ್ರು ಬಣ್ಣದ ಕೋಣೆಗೆ ಬಂದು, ಏನಾಯ್ತು ಎಂದರು. ಕಡ್ಡಿ, "ನಾನು ಮರೀಲಿಲ್ಲ," ಎಂದು ಅವನ ಕಡೆ ನೋಡಿದಳು. ಹೇಳು ಎಂಬ ಹಾಗೆ. ಅವನು ಪುಸ್ತಕಕ್ಕೆ ದಾರ ಕಟ್ಟುತ್ತ, "ಮರೆತಳು ಸರ್, ಕೊಟ್ಟೆ," ಎಂದ. ಮೂರು ಮಾತು. "ಮರೆತವರೆಲ್ಲ ಹಾಗೇ ಅನ್ನೋದು," ಎಂದರು ಮೇಷ್ಟ್ರು. ಮುಂದಿನ ವಾರ ಪಾತ್ರ ನೋಟ್‌ಬುಕ್ಕಿನ ಹುಡುಗಿಗೆ ಹೋಯಿತು, ಅದರ ಮುಂದಿನ ವಾರ ಕಡ್ಡಿ ಊರು ಬಿಟ್ಟಳೆಂದು ಗೊತ್ತಾಯಿತು.

ಊಟಕ್ಕೆ ಕೂತ ಹೋಟೆಲಿನಲ್ಲಿ ಅರ್ಧ ಜನ ಮುಖಕ್ಕೆ ಬಣ್ಣ ಬಳಿದುಕೊಂಡವರೇ. ಪಕ್ಕದ ಮೇಜಿನಲ್ಲಿ ಒಬ್ಬ ರಾಜ ಕಿರೀಟ ಬಿಚ್ಚಿಟ್ಟು ಸಾರು ಕುಡಿಯುತ್ತಿದ್ದ. ಹೆಂಡತಿ ಖುಷಿಯಾಗಿದ್ದಳು. ಅವಳು ಖುಷಿಯಾದರೆ ಹಳೆಯದನ್ನು ತೆಗೆಯುತ್ತಾಳೆ. "ನಾನು ಐದು ಶೋ ಮಾಡಿದೆ ಅಲ್ವಾ ಆ ಪಾರ್ಟು? ಆರು?" ಐದು ಎಂದ. "ಚೆನ್ನಾಗೇನೂ ಮಾಡ್ಲಿಲ್ಲ ಬಿಡಿ. ಮೇಷ್ಟ್ರು ಒಂದು ದಿನಾನೂ ಚೆನ್ನಾಗಿದೆ ಅನ್ಲಿಲ್ಲ. ಆದ್ರೂ ಕಡ್ಡಿಗೆ ನಾನು ಋಣಿ. ಅವಳು ಅವತ್ತು ಮರೀದೆ ಇದ್ದಿದ್ರೆ ನನಗೆ ಪಾರ್ಟೂ ಇಲ್ಲ, ಪ್ರಾಂಪ್ಟರೂ ಇಲ್ಲ." ನಕ್ಕು, ಅವನ ತಟ್ಟೆಯಲ್ಲಿ ಬಿಟ್ಟದ್ದನ್ನು ತನ್ನ ತಟ್ಟೆಗೆ ಹಾಕಿಕೊಂಡಳು. ಮೂವತ್ತೊಂದು ವರ್ಷದಲ್ಲಿ ಈ ಮಾತನ್ನು ಹತ್ತಾರು ಸಲ ಆಡಿದ್ದಾಳೆ, ನೆಂಟರ ಮುಂದೆ, ಮಗಳ ಮದುವೆಯ ದಿನ ಬೀಗಿತ್ತಿಯ ಮುಂದೆ. ಪ್ರತಿ ಸಲ ಅವನು ಮುಗುಳ್ನಗುತ್ತಾನೆ. ಅವಳದೇನೂ ತಪ್ಪಿಲ್ಲ, ಕಡ್ಡಿ ನಿಜವಾಗಲೂ ಮರೆತಿದ್ದಾಳೆಂದೇ ಅವಳು ಅಂದುಕೊಂಡಿದ್ದಳು. ಇವತ್ತು ಅವಳೊಂದು ಮಾತು ಸೇರಿಸಿದಳು. "ಅವಳು ಸಿಕ್ಕಿದ್ರೆ ಏನು ಮಾತಾಡ್ತೀರಿ?" ಅವನು ನೀರು ಕುಡಿದ. "ಚೆನ್ನಾಗಿದ್ದೀಯಾ ಅಂತೀನಿ. ಇನ್ನೇನು ಮಾತಾಡೋದು." ಕಡ್ಡಿಗೆ ನಿಜ ಹೇಳುತ್ತೇನೆ ಎಂದು ಬೆಳಿಗ್ಗೆ ಗಡ್ಡ ಹೆರೆಯುವಾಗ ಗಟ್ಟಿ ಮಾಡಿಕೊಂಡದ್ದು ನೀರಿನ ಜೊತೆ ಒಳಗೆ ಹೋಯಿತು.

ಅಲ್ಲಿಂದ ಈಜುಕೊಳಕ್ಕೆ ನಡೆದೇ ಹೋದರು. ದಾರಿಯುದ್ದಕ್ಕೂ ಯಾರೋ ಏನೋ ಆಗಿರುತ್ತಿದ್ದರು. ಪೀಠೋಪಕರಣದ ಅಂಗಡಿಯ ಗಾಜಿನ ಹಿಂದೆ ಒಬ್ಬ ಗಂಡಸು ಸೋಫಾದ ಮೇಲೆ ಕೂತು ಬೆಳಗಿನಿಂದ ಪೇಪರು ಓದುತ್ತಿದ್ದ. ಅದು ನೂರ ಎಂಟನೆಯ ಪುಟದ ಪ್ರದರ್ಶನ, ಎಂಟು ಗಂಟೆ ಕಾಲ ನಡೆಯುವಂಥದು. ಬಿಳಿ ಬಣ್ಣ ಬಳಿದುಕೊಂಡು ವಿಗ್ರಹದಂತೆ ನಿಂತಿದ್ದ ಹೆಂಗಸಿನ ಮೂಗಿನ ಮೇಲೆ ನೊಣ ಕೂತಿತ್ತು, ಅವಳು ಅಲುಗಲಿಲ್ಲ. ಅವನಿಗೆ ಇದಾವುದೂ ತಟ್ಟಲಿಲ್ಲ. ಸೂಚನಾ ಫಲಕಗಳಲ್ಲಿ ಮೂರು ತಪ್ಪು ಕಂಡ, ಮೂರೂ ತನ್ನ ಪ್ರೆಸ್ಸಿನವಲ್ಲ ಎಂದು ಸಮಾಧಾನಪಟ್ಟ. ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದ. ಕಡ್ಡಿ ಮರೆವನ್ನು ಒಪ್ಪಿಕೊಂಡು ಅದರ ಮೇಲೊಂದು ಬಾಳು ಕಟ್ಟಿಕೊಂಡಿದ್ದಾಳೆ, ದೇಶದೇಶ ಸುತ್ತಿದ್ದಾಳೆ. ಈಗ ಹೋಗಿ ಅದು ಆಕಸ್ಮಿಕವಲ್ಲ, ನಿನ್ನದೇ ಯೋಚನೆ, ನಾನು ಕಿತ್ತುಕೊಂಡೆ ಎಂದರೆ ಉಪಕಾರವೋ ಅಪಕಾರವೋ. ಹೇಳದೆ ಇರುವುದಕ್ಕೆ ಕಾರಣಗಳು ಇಷ್ಟು ಸಲೀಸಾಗಿ ಸಿಗುತ್ತಿರುವುದರಿಂದಲೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ನಗರಸಭೆಯ ಈಜುಕೊಳವನ್ನು ಹತ್ತು ದಿನದ ಮಟ್ಟಿಗೆ ಬರಿದು ಮಾಡಿದ್ದರು. ಆಳವಿಲ್ಲದ ಕಡೆಯಿಂದ ಇಳಿಜಾರಿನಲ್ಲಿ ಬೆಂಚುಗಳನ್ನು ಹಾಕಿ, ಆಳದ ತುದಿಯನ್ನೇ ರಂಗ ಮಾಡಿಕೊಂಡಿದ್ದರು. ನೀಲಿ ಬಿಲ್ಲೆಗಳ ಮೇಲೆ ಎರಡೂವರೆ ಮೀಟರ್ ಎಂದು ಬರೆದಿತ್ತು. ಪರದೆ ಇಲ್ಲ, ಪಕ್ಕ ಇಲ್ಲ, ಮರೆಯಲ್ಲಿ ನಿಲ್ಲಲು ಒಂದು ಮೂಲೆ ಇಲ್ಲ. ಕೈಚೀಲದ ಜಿಪ್ಪು ಎಳೆದರೂ ಸದ್ದು ಗೋಡೆಯಿಂದ ಗೋಡೆಗೆ ಹೋಗಿ ಬರುತ್ತಿತ್ತು. ಹಳದಿ ಅಂಗಿಯವನೊಬ್ಬ "ಹಿರಿಯರು ಮುಂದೆ ಬನ್ನಿ," ಎಂದು ಕೈಹಿಡಿದು ಮೂರನೆಯ ಸಾಲಿನಲ್ಲಿ ಕೂರಿಸಿದ. ಹಿಂದೆ ಇರುತ್ತೇನೆ ಎಂದದ್ದು ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. ಕಡ್ಡಿ ಏಣಿಯಿಂದ ಇಳಿದು ಬಂದಳು. ಕಡ್ಡಿ ಎನ್ನಲು ಈಗ ಏನೂ ಉಳಿದಿರಲಿಲ್ಲ; ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡಳು. ತಾನು ಆಡಿದ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ತರುವುದು ಆಟ. ಗಡಿಯಾರದ ಕಾರ್ಖಾನೆಯ ಹೆಣ್ಣಾಳು ಬಂದಳು, ಮಲತಾಯಿ ಬಂದಳು, ನೂರು ವರ್ಷದ ಮುದುಕಿ ಬಂದಳು. ಅವನು ಬಿಗಿದ ಕೈಪಟ್ಟಿಯ ಕೆಳಗೆ ಬೆರಳು ತೂರಿಸಿಕೊಂಡು ಕೂತಿದ್ದ. ಕೊನೆಗೆ ಅವಳು ಒಂದು ಹೆಜ್ಜೆ ಬದಿಗೆ ಇಟ್ಟು, ನ್ಯಾಯಾಧೀಶನ ದನಿಯಲ್ಲಿ, "ಈತ ನಿನಗೆ ಗೊತ್ತೇ?" ಎಂದಳು. ಹೆಜ್ಜೆ ಹಿಂದಕ್ಕೆ ಇಟ್ಟು ತಂಗಿಯಾಗಿ ನಿಂತಳು.

ಒಂದು. ಎರಡು. ಅವನು ಎಣಿಸಬೇಕೆಂದು ಎಣಿಸಲಿಲ್ಲ. ಮೂರು. ಅವಳ ಬೆರಳುಗಳು ಬಟ್ಟೆಯ ಮೇಲೆ ಅಲುಗದೆ ಬಿದ್ದಿದ್ದವು. ನಾಲ್ಕು. ಐದರಲ್ಲಿ ಅವಳು ಅಣ್ಣನನ್ನು ಮೊದಲ ಸಲ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ, ಆದರೂ ಎಲ್ಲರೂ ಆ ಕಡೆ ನೋಡಿದರು. ಏಳರಲ್ಲಿ ಸುಳ್ಳು ಹೇಳಿಬಿಡುವವಳಿದ್ದಳು, ತುಟಿ ಅದಕ್ಕೆ ಸಿದ್ಧವಾಗಿತ್ತು. ಒಂಬತ್ತರಲ್ಲಿ ಆ ಸುಳ್ಳು ಅವಳ ಮುಖದಿಂದ ಇಳಿದುಹೋಯಿತು. ಹತ್ತಾದ ಮೇಲೆ, "ಗೊತ್ತು. ಈತ ನನ್ನ ಅಣ್ಣ," ಎಂದಳು, ಎಷ್ಟು ಮೆಲ್ಲಗೆಂದರೆ ಆ ಖಾಲಿ ಕೊಳ ಇಲ್ಲದಿದ್ದರೆ ಕೇಳುತ್ತಲೇ ಇರಲಿಲ್ಲ. ಹೆಂಡತಿ ಉಸಿರು ಬಿಟ್ಟಳು. ತಾನು ನಾಲ್ಕಕ್ಕೆ ತುಂಡರಿಸಿದ್ದು ಏನೆಂದು ಅವನು ಇಷ್ಟು ವರ್ಷ ಊಹಿಸಿದ್ದ. ನೋಡಿದ್ದು ಇವತ್ತು. ಅವನಿಗೆ ಅಳು ಬರಲಿಲ್ಲ. ಯಾರದೋ ಮನೆಯಿಂದ ಎತ್ತಿಕೊಂಡು ಬಂದ ವಸ್ತು ಎಷ್ಟು ಬೆಲೆಯದೆಂದು ತಡವಾಗಿ ತಿಳಿದವನ ಹಾಗೆ ಕೂತ.

ಅದರ ಬೆನ್ನಿಗೆ ಉದ್ದದ ಮಾತಿತ್ತು, ಅಣ್ಣನ ಅಂಗಿಯ ಮಾತು. ನಾಟಕದ ಪುಸ್ತಕದ ಆ ಪುಟ ಈಗಲೂ ಅವನ ಕಣ್ಣ ಮುಂದೆ ಇದೆ, ಮೂಲೆಯಲ್ಲಿ ಚಹಾದ ಕಲೆಯ ಸಮೇತ. "ಈ ಅಂಗಿ ನಾನು ಹೊಲಿದದ್ದು. ಎಡಗೈ ತೋಳು ಗಿಡ್ಡವಾಯಿತು. ಅವನು ಒಂದು ಮಾತೂ ಅನ್ನದೆ ತೊಟ್ಟುಕೊಂಡ," ಎಂದಳು ಅವಳು. ನಿಂತಳು. ಪುಸ್ತಕದಲ್ಲಿ ಮಾತು ಇಲ್ಲಿ ನಿಲ್ಲುವುದಿಲ್ಲ. ಅವಳ ಬಲಗೈಯ ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತಿತ್ತು. ಕಣ್ಣು ಎಡಕ್ಕೆ ಹೋಯಿತು, ಪರದೆ ಇರಬೇಕಾದ ಕಡೆಗೆ. ಅಲ್ಲಿ ಬರೀ ನೀಲಿ ಬಿಲ್ಲೆಗಳು. ಆಮೇಲೆ ಸಾಲುಗಳ ಮೇಲೆ ಹಾದು ಬಂದು ಮೂರನೆಯ ಸಾಲಿನಲ್ಲಿ ನಿಂತಿತು. ಗುರುತು ಹಿಡಿದಳೋ ಇಲ್ಲವೋ. ಜನ ಕದಲಲಿಲ್ಲ, ಹಿಂದಿನ ಮೌನದ ರುಚಿ ಕಂಡಿದ್ದವರು ಇದನ್ನೂ ಹಾಗೆಯೇ ಸವಿಯುತ್ತಿದ್ದರು, ಪಕ್ಕದವನೊಬ್ಬ ಮೆಚ್ಚಿ ತಲೆಯಾಡಿಸಿದ. ಇಡೀ ಕೊಳದಲ್ಲಿ ಅವಳು ಬರಿದಾಗಿ ನಿಂತಿದ್ದಾಳೆಂದು ಗೊತ್ತಿದ್ದವನು ಅವನೊಬ್ಬನೇ. ಮಾತು ಅವನ ನಾಲಿಗೆಯ ಮೇಲಿತ್ತು: ಈ ಗುಂಡಿಗೆ ಹಸಿರು ದಾರ, ಬಿಳಿ ದಾರ ಮುಗಿದಿತ್ತು. ತುಟಿ ತೆರೆದ ಕೂಡ. ಪಿಸುಗುಟ್ಟಿದರೂ ಇನ್ನೂರು ಜನಕ್ಕೆ ಕೇಳುತ್ತದೆ ಎಂದುಕೊಂಡ. ಮತ್ತೆ ಅದೇ ನಗು ಎಂದುಕೊಂಡ. ಇವತ್ತಾದರೂ ಬಾಯಿ ಮುಚ್ಚಿಕೊಂಡಿರು ಎಂದುಕೊಂಡ. ಅವನು ತುಟಿ ಮುಚ್ಚಿದ್ದನ್ನು ಅವಳು ನೋಡಿದಳು. ನೋಡಿ, ಗುಂಡಿಯನ್ನೂ ದಾರವನ್ನೂ ಅಲ್ಲೇ ಬಿಟ್ಟು, ಕೊನೆಯ ಸಾಲಿಗೆ ಹಾರಿ, ಬಾಗಿ ಕೈಮುಗಿದಳು. ಜನ ಎದ್ದು ನಿಂತು ತಟ್ಟಿದ ಚಪ್ಪಾಳೆ ಗೋಡೆಗಳ ನಡುವೆ ಬಹಳ ಹೊತ್ತು ಓಡಾಡಿತು.

ಹೊರಡೋಣ ಎಂದ ಅವನು. "ಮಾತಾಡಿಸದೆ ಹೋಗೋದಾ?" ಎಂದು ಹೆಂಡತಿ ಅವನ ಮೊಣಕೈ ಹಿಡಿದು ಬಟ್ಟೆ ಬದಲಿಸುವ ಕೋಣೆಗಳ ಸಾಲಿನ ಕಡೆಗೆ ಎಳೆದುಕೊಂಡು ಹೋದಳು. ಅಲ್ಲಿ ಬೆಂಚಿನ ಮೇಲೆ ಕಡ್ಡಿ ಕೂತಿದ್ದಳು, ಸುತ್ತ ಹತ್ತು ಹನ್ನೆರಡು ಜನ ಕಿರಿಯ ನಟನಟಿಯರು. ಹೆಂಡತಿಯನ್ನು ನೋಡಿ ಎದ್ದು ತಬ್ಬಿಕೊಂಡಳು. ಅವನನ್ನು ನೋಡಿ, "ಪಿಸಣ್ಣ," ಎಂದಳು. ಆಮೇಲೆ ಎಲ್ಲರ ಕಡೆ ತಿರುಗಿದಳು. "ಇವರು ಯಾರು ಗೊತ್ತಾ? ನಾನು ಅವತ್ತು ಮರೆತು ನಿಂತಾಗ ಮಾತು ಎತ್ತಿಕೊಟ್ಟವರು. ಇವರು ಇಲ್ಲದಿದ್ರೆ ಅಲ್ಲೇ ಕುಸಿದುಬಿಡ್ತಿದ್ದೆ. ಮೊದಮೊದಲು ನಾನು ಮರೆತೇ ಇಲ್ಲ ಅಂತ ಹಟ ಮಾಡಿದ್ದೆ ನೋಡಿ, ವಯಸ್ಸು. ವರ್ಷ ಕಳೆದ ಮೇಲೆ ನನಗೇ ಗೊತ್ತಾಯ್ತು, ಎಲ್ಲರೂ ಸುಳ್ಳು ಹೇಳ್ತಾರಾ. ಆಮೇಲೆ ಆ ಮರೆವನ್ನೇ ಇಟ್ಕೊಂಡೆ." ಕಿರಿಯರು ಅವನನ್ನು ಗೌರವದಿಂದ ನೋಡಿದರು. ಒಬ್ಬಳು, ಸರ್ ನಿಮ್ಮ ಜೊತೆ ಒಂದು ಫೋಟೊ ಎಂದಳು. ಅವನು ನಿಂತ, ಫೋಟೊ ತೆಗೆಸಿಕೊಂಡ. ಹೆಂಡತಿ ಅವನ ಅಂಗಿಯ ಕಾಲರು ಸರಿಮಾಡಿದಳು. ಇಷ್ಟಕ್ಕೇ ಕೈಮುಗಿದು ಹೊರಟರೆ ಆಗಿತ್ತು, ಸಂಜೆಯ ಬಸ್ಸಿತ್ತು, ನಾಳೆ ಪ್ರೆಸ್ಸಿತ್ತು. ಎಷ್ಟು ಸುಲಭ ಎಂದು ಅವನಿಗೇ ಆಶ್ಚರ್ಯವಾಯಿತು.

ಕಿರಿಯರು ಫೋಟೊ ನೋಡಲು ಗುಂಪಾಗಿ ಸರಿದಾಗ ಕಡ್ಡಿ ಹತ್ತಿರ ಬಂದು ದನಿ ತಗ್ಗಿಸಿದಳು. ಬಹುವಚನ ಬಿಟ್ಟುಹೋಯಿತು.

"ಇವತ್ತೂ ಹೋಯ್ತು ಪಿಸಣ್ಣ. ಗುಂಡಿ ಜಾಗದಲ್ಲಿ. ಈಚೆಗೆ ಹೀಗಾಗ್ತಿದೆ, ಯಾರಿಗೂ ಹೇಳಿಲ್ಲ. ನೀನು ಮೂರನೇ ಸಾಲಿನಲ್ಲಿದ್ದೆ, ನೋಡಿದೆ. ಬಾಯಲ್ಲಿ ಮಾತು ಇತ್ತು ನಿನಗೆ. ಯಾಕೆ ಕೊಡಲಿಲ್ಲ?"

ಅವಳು ಬೈಯುತ್ತಿರಲಿಲ್ಲ, ಕೇಳುತ್ತಿದ್ದಳು. ಅವನ ಬಳಿ ಉತ್ತರಗಳಿದ್ದವು: ಕೊಳದಲ್ಲಿ ಸದ್ದು ಕೇಳುತ್ತದೆ, ಜನಕ್ಕೆ ಗೊತ್ತಾಗುತ್ತಿತ್ತು, ಅಭ್ಯಾಸ ತಪ್ಪಿದೆ. ಎಲ್ಲವೂ ನಿಜವೇ.

"ಅವತ್ತು ಕೊಟ್ಟಿದ್ದೆನಲ್ಲ," ಎಂದ. "ಅದಕ್ಕೇ."

"ಅವತ್ತು ಕೊಟ್ಟಿದ್ದಕ್ಕೆ ತಾನೇ ಬದುಕಿಕೊಂಡಿದ್ದು."

"ಅವತ್ತು ನೀನು ಮರೆತಿರಲಿಲ್ಲ."

ಅವಳು ನಕ್ಕಳು. "ಹೋಗ್ಲಿ ಬಿಡು. ಈ ವಯಸ್ಸಲ್ಲಿ ಸಮಾಧಾನ ಹೇಳಬೇಡ ನನಗೆ."

"ಸಮಾಧಾನ ಅಲ್ಲ. ಬಣ್ಣದ ಕೋ‌ಣೆಯಿಂದ ಇಳಿಯೋ ಮೂರನೇ ಮೆಟ್ಟಿಲು. ತೋಳಿನ ಹೊಲಿಗೆ ಬಿಟ್ಟಿತ್ತು, ಹಾಕ್ಕೋತಾ ಇದ್ದೆ. ದಾರ ಹಲ್ಲಲ್ಲಿ ಕಡಿದೆ. ಅಷ್ಟು ಬೇಗ ಯಾರಾದ್ರೂ ಒಪ್ಕೋತಾರಾ ಅಂದೆ. ಹತ್ತು ಎಣಿಸು, ಹತ್ತರವರೆಗೆ ಬಾಯಿ ಬಿಡಬೇಡ, ಆಮೇಲೆ ನನಗೆ ಬಿಡು ಅಂದೆ." ಅವನ ದನಿ ಪ್ರೂಫ್ ಓದುವ ದನಿಯ ಹಾಗೆ ಏರಿಳಿತವಿಲ್ಲದೆ ಹೊರಡುತ್ತಿತ್ತು. "ಅದು ನಿನ್ನ ಯೋಚನೆ. ಮರೆವಲ್ಲ. ನಾನು ನಾಲ್ಕಕ್ಕೆ ಕೊಟ್ಟುಬಿಟ್ಟೆ. ಆಮೇಲೆ ಮೇಷ್ಟ್ರ ಮುಂದೆ ಮರೆತಳು ಅಂದೆ. ನನಗೆ ಗೊತ್ತಿತ್ತು, ಗೊತ್ತಿದ್ದೇ ಹಾಗೆ ಅಂದೆ."

ಮೊಣಕೈಯ ಮೇಲಿದ್ದ ಹೆಂಡತಿಯ ಕೈ ಮೆಲ್ಲಗೆ ಇಳಿಯಿತು. ಅವನು ಆ ಕಡೆ ತಿರುಗಲಿಲ್ಲ. ಕೋಣೆಗಳ ಆಚೆ ಯಾರೋ ಬೆಂಚುಗಳನ್ನು ಎಳೆದು ಮುಂದಿನ ಪ್ರದರ್ಶನಕ್ಕೆ ಹೊಂದಿಸುತ್ತಿದ್ದರು. ಕಡ್ಡಿಯ ಮುಖ ನೋಡಲು ಧೈರ್ಯ ಸಾಲದೆ ಅವನು ಅವಳ ಬಲಗೈ ನೋಡಿದ. ಹೆಬ್ಬೆರಳು ಅಲುಗುತ್ತಿರಲಿಲ್ಲ. ಅವನು ಒಳಗೇ ಎಣಿಸತೊಡಗಿದ. ನಾಲ್ಕಕ್ಕೆ ಬಂದಾಗ, ತಪ್ಪಾಯಿತು ಎಂಬುದೋ ಅಂಥದೇ ಇನ್ನೇನೋ ನಾಲಿಗೆಯ ತುದಿಗೆ ಬಂತು, ತಡೆದ. ಏಳು. ಎಂಟು. ಅವಳು ಉಸಿರಾಡುವುದು ಕೇಳುತ್ತಿತ್ತು. ಹತ್ತಾಯಿತು. ಮುಂದಿನದು ಅವಳಿಗೆ ಬಿಟ್ಟದ್ದು. ಅವನು ಬಾಯಿ ಮುಚ್ಚಿಕೊಂಡು ನಿಂತಿದ್ದ.